30×40 ಸೈಟಿನ ಮನೆಗೆ ಬಾತ್‌ರೂಮ್ ಎಷ್ಟಿದ್ದರೆ ಸಾಕು?

ಈಗಿನ ಪ್ಲಾನ್‌ಗಳಲ್ಲಿ ಒಂದು ಲೆಕ್ಕ ಫಿಕ್ಸ್ ಆಗಿಬಿಟ್ಟಿದೆ. ಬೆಡ್‌ರೂಮ್ ಎಷ್ಟೋ ಅಷ್ಟು ಅಟ್ಯಾಚ್ಡ್, ಅದರ ಮೇಲೆ ನೆಂಟರಿಗೆ ಅಂತ ಹಾಲ್ ಪಕ್ಕ ಇನ್ನೊಂದು. ಹಾಗಾಗಿ 30×40 ಸೈಟಿನಲ್ಲಿ ಮೂರು ಬೆಡ್‌ರೂಮ್ ಮನೆ ಕಟ್ಟಿದರೆ ನಾಲ್ಕು ಬಾತ್‌ರೂಮ್. ಇರುವವರು ನಾಲ್ಕೋ ಐದೋ ಜನ. ಬೆಡ್‌ರೂಮ್ ಎಣಿಸುವುದನ್ನು ಬಿಟ್ಟು ಬೆಳಗ್ಗೆ ಏಳರಿಂದ ಎಂಟೂವರೆವರೆಗೆ ನಿಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ನೋಡಿ. ಬಾತ್‌ರೂಮ್ ಸಾಲದು ಅನ್ನಿಸುವುದು ಆಗ ಮಾತ್ರ ಅಲ್ವಾ?

ಒಂದು ಹಾಳೆ ತಗೊಂಡು ಮೂರು ಕಾಲಂ ಹಾಕಿ: ಟಾಯ್ಲೆಟ್, ಸ್ನಾನ, ಹಲ್ಲುಜ್ಜುವುದು. ಯಾರಿಗೆ ಎಷ್ಟು ಹೊತ್ತು ಬೇಕು ಅಂತ ಬರೆಯಿರಿ. ಐದು ಜನ, ಒಬ್ಬೊಬ್ಬರಿಗೆ ಟಾಯ್ಲೆಟ್‌ಗೆ 10 ನಿಮಿಷ, ಸ್ನಾನಕ್ಕೆ 15 ನಿಮಿಷ ಅಂತಿಟ್ಟುಕೊಳ್ಳಿ. ಎರಡೂ ಒಂದೇ ರೂಮಿನಲ್ಲಿದ್ದರೆ ಒಟ್ಟು 125 ನಿಮಿಷ, ಅಂದರೆ ಎರಡು ಗಂಟೆಗೂ ಜಾಸ್ತಿ. ಅದೇ ಟಾಯ್ಲೆಟ್‌ಗೆ ಬೇರೆ ಬಾಗಿಲು, ಬಚ್ಚಲಿಗೆ ಬೇರೆ ಬಾಗಿಲು ಇಟ್ಟರೆ ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಟಾಯ್ಲೆಟ್‌ಗೆ ಹೋಗಬಹುದು, ಎಲ್ಲರದ್ದೂ ಸುಮಾರು 85 ನಿಮಿಷದಲ್ಲಿ ಮುಗಿಯುತ್ತದೆ. ಹಾಗೆ ಬೇರೆ ಮಾಡದೆ ಎರಡು ಪೂರ್ತಿ ಬಾತ್‌ರೂಮ್ ಕಟ್ಟಿದರೆ 75 ನಿಮಿಷ. ಅಷ್ಟೆಲ್ಲ ಖರ್ಚು ಮಾಡಿ ಉಳಿಯುವುದು ಹತ್ತು ನಿಮಿಷ!

ಬೇರೆ ಬೇರೆ ಮಾಡಿದರೆ ಜಾಗ ಜಾಸ್ತಿ ಬೇಕು ಅಂತ ಮೇಸ್ತ್ರಿ ಹೇಳಬಹುದು. ಅಷ್ಟೇನೂ ಬೇಡ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಎರಡೂ ಸೇರಿದ ಬಾತ್‌ರೂಮಿಗೆ ಕನಿಷ್ಠ 2.8 ಚದರ ಮೀಟರ್ ಇರಬೇಕು. ಬರೀ ಟಾಯ್ಲೆಟ್‌ಗೆ 1.1, ಬರೀ ಸ್ನಾನಕ್ಕೆ 1.8. ಕೂಡಿಸಿದರೆ 2.9. ನಡುವಿನ ಗೋಡೆ, ಇನ್ನೊಂದು ಬಾಗಿಲು ಮಾತ್ರ ಎಕ್ಸ್ಟ್ರಾ. ನಮ್ಮ ಹಳೇ ಮನೆಗಳಲ್ಲಿ ಹಂಡೆ ಇರುವ ಬಚ್ಚಲು ಒಂದು ಕಡೆ, ಕಕ್ಕಸು ಹಿತ್ತಲಿನಲ್ಲಿ ಇರುತ್ತಿತ್ತು. ಅದು ಮಡಿಗೆ ಮಾಡಿದ ವ್ಯವಸ್ಥೆ ಇರಬಹುದು, ಆದರೆ ಬೆಳಗಿನ ಸಾಲಿಗೂ ಚೆನ್ನಾಗಿ ಹೊಂದುತ್ತಿತ್ತು.

ಟಾಯ್ಲೆಟ್ 3 ಅಡಿ ಅಗಲ ಇದ್ದರೆ ಉದ್ದ 4 ಅಡಿಗೆ ನಿಲ್ಲಿಸಬೇಡಿ, ನಾಲ್ಕೂವರೆ ಮಾಡಿ. ಕಮೋಡ್‌ನ ನಡುಮಧ್ಯದಿಂದ ಎರಡೂ ಕಡೆ ಗೋಡೆಗೆ 15 ಇಂಚಾದರೂ ಬಿಡಿ. ಬಾಗಿಲು ಹೊರಗೆ ತೆರೆಯುವ ಹಾಗೆ ಇಡಿಸಿ, ಇದು ಮುಖ್ಯ. ಚಿಕ್ಕ ರೂಮಿನಲ್ಲಿ ಯಾರಾದರೂ ಜಾರಿಬಿದ್ದರೆ ಒಳಗೆ ತೆರೆಯುವ ಬಾಗಿಲಿಗೆ ಅವರೇ ಅಡ್ಡ ಬಿದ್ದಿರುತ್ತಾರೆ, ಹೊರಗಿನಿಂದ ತಳ್ಳೋಕೂ ಆಗಲ್ಲ. ವಾಶ್ ಬೇಸಿನ್ ಇವೆರಡರ ಹೊರಗೆ, ಡೈನಿಂಗ್ ಹತ್ತಿರ ಇರಲಿ. ಹಲ್ಲುಜ್ಜೋಕೂ ಆಯಿತು, ಊಟ ಆದಮೇಲೆ ಕೈ ತೊಳೆಯೋಕೂ ಆಯಿತು.

ಹಾಗಾದರೆ ಒಂದೇ ಸಾಕಾ? ಮೂರು ಜನದ ಮನೆಗೆ, 20×30 ಸೈಟಿಗೆ, ಹೀಗೆ ಬೇರೆ ಮಾಡಿದ್ದು ಒಂದು ಧಾರಾಳ ಸಾಕು. ನಾಲ್ಕು ಜನ ದಾಟಿದರೆ ಇನ್ನೊಂದು ಬೇಕು. ಅದು ಬೆಳಗಿನ ಅವಸರಕ್ಕಲ್ಲ. ಪೈಪ್ ಬ್ಲಾಕ್ ಆದ ದಿನ, ಇಬ್ಬರಿಗೆ ಒಟ್ಟಿಗೆ ಹೊಟ್ಟೆ ಕೆಟ್ಟ ದಿನ ಎರಡನೇ ಕಮೋಡ್ ಇಲ್ಲದಿದ್ದರೆ ಪಕ್ಕದ ಮನೆಗೆ ಓಡಬೇಕಾಗುತ್ತದೆ. ಹಾಗಾಗಿ 30×40ರಲ್ಲಿ ನನ್ನ ಲೆಕ್ಕ ಎರಡು: ಎಲ್ಲರಿಗೂ ಕಾಮನ್ ಆಗಿ ಬೇರೆ ಬೇರೆ ಬಾಗಿಲಿನದ್ದು ಒಂದು, ಅಟ್ಯಾಚ್ಡ್ ಒಂದು. ಡ್ಯೂಪ್ಲೆಕ್ಸ್ ಆದರೆ ಮೇಲೊಂದು ಕೆಳಗೊಂದು. ಅಪ್ಪ ಅಮ್ಮ ಜೊತೆಗಿದ್ದರೆ ಅಟ್ಯಾಚ್ಡ್ ಕೆಳಗಡೆ ಅವರ ರೂಮಿಗೇ ಕೊಡಿ, ಕಮೋಡ್ ಪಕ್ಕ ಹಿಡಿಕೆ ಹಾಕಿಸಿ. ರಾತ್ರಿ ಎರಡು ಗಂಟೆಗೆ ಎದ್ದು ಹೋಗುವವರು ಅವರೇ. ಮೂರನೆಯದು ಬೇಕಾಗುವುದು ಮಹಡಿಯನ್ನು ಮುಂದೆ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಮಾತ್ರ. ಗಣೇಶನ ಹಬ್ಬಕ್ಕೆ ಹತ್ತು ಜನ ಬರುತ್ತಾರೆ ಅಂತ ಕಟ್ಟಬೇಡಿ. ಬರಲಿ, ಒಂದು ದಿನ ಕಾಯುತ್ತಾರೆ.

ಖರ್ಚಿನ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 5×7 ಅಡಿಯ ಬಾತ್‌ರೂಮಿನ ಸುತ್ತಳತೆ 24 ಅಡಿ. ಗೋಡೆಗೆ 7 ಅಡಿ ಎತ್ತರ ಟೈಲ್ಸ್ ಹಾಕಿ ಬಾಗಿಲಿನ ಜಾಗ ಕಳೆದರೆ 150 ಚದರ ಅಡಿ, ನೆಲದ್ದು 35. ಒಟ್ಟು 185. ನಿಮ್ಮ 12×15ರ ಹಾಲ್‌ಗೆ ಬೇಕಾಗುವುದೇ 180! ಅದರ ಮೇಲೆ ವಾಟರ್‌ಪ್ರೂಫಿಂಗ್, ನಲ್ಲಿ, ಗೀಸರ್, ಎಕ್ಸಾಸ್ಟ್ ಫ್ಯಾನ್. ಇಡೀ ಮನೆಯಲ್ಲಿ ಚದರ ಅಡಿಗೆ ಇಷ್ಟು ದುಡ್ಡು ತಿನ್ನುವ ಇನ್ನೊಂದು ಜಾಗ ಇದ್ದರೆ ಅದು ಅಡುಗೆಮನೆ ಮಾತ್ರ ಇರಬೇಕು.

ಇನ್ನು ಬಳಸದೇ ಬಿಟ್ಟ ಬಾತ್‌ರೂಮಿನ ಕಥೆ. ನೆಲದ ಟ್ರ್ಯಾಪ್‌ನಲ್ಲಿ, ಅಂದರೆ ನೀರು ಹೋಗುವ ಜಾಲರಿಯ ಕೆಳಗಿನ ಗುಂಡಿಯಲ್ಲಿ, ಸ್ವಲ್ಪ ನೀರು ಯಾವಾಗಲೂ ನಿಂತಿರಬೇಕು, ಚರಂಡಿ ವಾಸನೆಯನ್ನು ತಡೆಯುವುದು ಅದೇ. ವಾರಗಟ್ಟಲೆ ನೀರು ಬೀಳದಿದ್ದರೆ ಅದು ಆರಿಹೋಗಿ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ. ಆಮೇಲೆ ಅಲ್ಲಿ ಮುರಿದ ಕುರ್ಚಿ, ಹಳೇ ಬಕೆಟ್ ಸೇರಿಕೊಳ್ಳುತ್ತವೆ. ಈಗಾಗಲೇ ಅಂಥದ್ದೊಂದು ಇದ್ದರೆ ವಾರಕ್ಕೊಮ್ಮೆ ಟ್ರ್ಯಾಪ್‌ಗೆ ಒಂದು ಮಗ್ ನೀರು ಹಾಕಿ, ಕಮೋಡ್ ಫ್ಲಶ್ ಮಾಡಿ. ಅಂದಹಾಗೆ, ಬೋರ್‌ವೆಲ್ ನೀರಿನ ಬಿಳಿ ಕಲೆಯನ್ನು ವಾರ ವಾರ ಉಜ್ಜುವವರು ಯಾರೋ ಅವರನ್ನೂ ಕೇಳಿ, ಎಷ್ಟು ಬಾತ್‌ರೂಮ್ ಬೇಕು ಅಂತ. ಬಹಳ ಮನೆಗಳಲ್ಲಿ ಪ್ಲಾನ್‌ಗೆ ಹೂಂ ಅನ್ನುವವರು ಒಬ್ಬರು, ಉಜ್ಜುವವರು ಇನ್ನೊಬ್ಬರು.

ಈಗಿರುವ ಮನೆಯಲ್ಲೇ ಸಾಲು ನಿಲ್ಲುತ್ತಿದ್ದರೆ ಗೋಡೆ ಒಡೆಸುವ ಮೊದಲು ಗೀಸರ್ ನೋಡಿ. 15 ಲೀಟರಿನದ್ದಕ್ಕೆ ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಸಿಗುತ್ತದೆ, ಮತ್ತೆ ಕಾಯೋಕೆ ಸುಮಾರು 20 ನಿಮಿಷ. ಅಂದರೆ ಜನ ಕಾಯುತ್ತಿರುವುದು ಬಾತ್‌ರೂಮಿಗಲ್ಲ, ಬಿಸಿನೀರಿಗೆ. 25 ಲೀಟರಿನದ್ದು ಹಾಕಿಸಿ, ಇಲ್ಲವೇ ಸೋಲಾರ್ ಲೈನ್ ಎಳೆಸಿ. ಒಳಗಿರುವ ಬೇಸಿನ್ನನ್ನೂ ಕನ್ನಡಿಯನ್ನೂ ಹೊರಗೆ ತನ್ನಿ. ಇಷ್ಟರಲ್ಲೇ ಎಷ್ಟೋ ಮನೆಗಳ ಬೆಳಗಿನ ಜಗಳ ನಿಲ್ಲುತ್ತದೆ.

ಹೊಸದಾಗಿ ಕಟ್ಟಿಸುವವರಾದರೆ ಮೇಲಿನ ಬಾತ್‌ರೂಮ್ ಕೆಳಗಿನದರ ಮೇಲೇ ಬರಲಿ, ಪೈಪೆಲ್ಲ ಒಂದೇ ಡಕ್ಟ್‌ನಲ್ಲಿ ಇಳಿಯುತ್ತದೆ. ಅಡುಗೆಮನೆ, ದೇವರಮನೆ ಮೇಲೆ ಬೇಡ. ವಾಸ್ತು ನಂಬದವರಿಗೂ ಲೀಕೇಜ್ ಭಯ ಇದ್ದೇ ಇರುತ್ತದೆ. ವಾಟರ್‌ಪ್ರೂಫಿಂಗ್ ಆದಮೇಲೆ ಟೈಲ್ಸ್ ಹಾಕುವ ಮೊದಲು ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ಒದ್ದೆಯಾಗಿದೆಯಾ ನೋಡಿ. ಟೈಲ್ಸ್‌ನವರು ಕಾಯ್ತಿದ್ದಾರೆ ಅಂತ ಮೇಸ್ತ್ರಿ ಅವಸರ ಮಾಡಿದರೂ ಆ ಎರಡು ದಿನ ಬಿಟ್ಟುಕೊಡಬೇಡಿ.