ಮೊದಲು ನಾರ್ಮಲ್ ಕಲಿತೆ: ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಾಗುವ ಕಲಿಕೆ

ನಗರದ ದೊಡ್ಡ ಮೆಡಿಕಲ್ ಕಾಲೇಜಿನಲ್ಲಿ ಅಪರೂಪದ ಕಾಯಿಲೆಗಳಿಗೆ ಬರವಿಲ್ಲ. ಸುತ್ತಲಿನ ಸಣ್ಣ ಆಸ್ಪತ್ರೆಗಳು ಕೈಚೆಲ್ಲಿದ ಕೇಸುಗಳೆಲ್ಲ ಕೊನೆಗೆ ಅಲ್ಲಿಗೇ ಬರುತ್ತವೆ. ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ವಿದ್ಯಾರ್ಥಿಗಳೆಲ್ಲ ಅವುಗಳ ಹಿಂದೆಯೇ ಓಡುತ್ತಾರೆ. ಯಾವುದೋ ಬೆಡ್‌ನಲ್ಲಿ ಒಳ್ಳೇ ಮರ್ಮರ್ (ಹೃದಯದಲ್ಲಿ ಕೇಳುವ ಹೆಚ್ಚುವರಿ ಸದ್ದು) ಇದೆಯಂತೆ ಅಂತ ಸುದ್ದಿ ಬಂದರೆ ಸಾಕು, ಒಂದೇ ಎದೆಯ ಮೇಲೆ ಒಬ್ಬರಾದ ಮೇಲೊಬ್ಬರು ಸ್ಟೆತಸ್ಕೋಪ್ ಇಡುತ್ತಾರೆ. ಪಾಪ, ಆ ಪೇಶೆಂಟ್‌ಗೆ ಸುಸ್ತಾಗಿ ಹೋಗುತ್ತದೆ. ಸರಿಯಾಗಿರುವ ಹೃದಯದ ಸದ್ದು ಕಿವಿಗೆ ಕೂರದೆ ಕೆಟ್ಟಿರುವುದರ ಗುರುತು ಸಿಗುವುದಾದರೂ ಹೇಗೆ? ಅದಕ್ಕೇ ನಾನು ಮೊದಲು ನಾರ್ಮಲ್ ಕಲಿಯಬೇಕು ಅಂತ ಹೊರಟೆ.

ಶುರು ಮಾಡಿದ್ದು ಪರ್ಕಶನ್‌ನಿಂದ, ಅಂದರೆ ಬೆರಳಿನಿಂದ ಬಡಿದು ಸದ್ದು ಕೇಳುವುದು. ಇದು ಸ್ಟೆತಸ್ಕೋಪ್‌ಗಿಂತ ಹಳೆಯದು. ವಿಯೆನ್ನಾದ ವೈದ್ಯ ಔಯೆನ್‌ಬ್ರುಗ್ಗರ್ 1761ರಲ್ಲೇ ಇದರ ಬಗ್ಗೆ ಬರೆದಿದ್ದರು. ಸ್ಟೆತಸ್ಕೋಪ್ ಕಂಡುಹಿಡಿದ ಲೆನೆಕ್ ಪ್ಯಾರಿಸ್‌ನಲ್ಲಿ ಕಾಗದ ಸುತ್ತಿ ಎದೆಗಿಟ್ಟು ಕೇಳಿದ್ದು 1816ರಲ್ಲಿ. ಹಳೆಯದಾದರೂ ಕೈಗೆ ಹತ್ತುವುದು ನಿಧಾನ. ಎಡಗೈಯ ನಡುಬೆರಳನ್ನು ಎರಡು ಪಕ್ಕೆಲುಬುಗಳ ಮಧ್ಯೆ ಗಟ್ಟಿಯಾಗಿ ಒತ್ತಬೇಕು. ಉಳಿದ ಬೆರಳುಗಳು ಎದೆಗೆ ತಾಗಬಾರದು. ಬಲಗೈಯ ನಡುಬೆರಳಿನ ತುದಿಯಿಂದ ಅದರ ಮೇಲೆ ಬಡಿಯಬೇಕು, ಬಡಿದ ತಕ್ಷಣ ಎತ್ತಬೇಕು. ಏಟು ಮಣಿಕಟ್ಟಿನಿಂದ ಬರಬೇಕು, ಮೊಣಕೈಯಿಂದಲ್ಲ.

ನಾನು ಮೊದಲು ನನ್ನ ತೊಡೆಯ ಮೇಲೇ ಬಡಿದು ನೋಡುತ್ತಿದ್ದೆ. ಅಲ್ಲಿ ಮೊದ್ದು ಸದ್ದು. ಆಮೇಲೆ ಹೊಟ್ಟೆ, ಆಮೇಲೆ ಎದೆ. ರೂಮ್‌ಮೇಟ್ ಒಪ್ಪಿದಾಗ ಅವನ ಎದೆಯ ಬಲಭಾಗದಲ್ಲಿ ಮೇಲಿಂದ ಕೆಳಕ್ಕೆ ಬರುತ್ತಿದ್ದೆ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ಸದ್ದು ಮೊಳಗುತ್ತದೆ. ಪಕ್ಕೆಲುಬುಗಳ ನಡುವಿನ ಐದನೇ ಸಂದಿನ ಹತ್ತಿರ ಸದ್ದು ಮೊದ್ದಾಗುತ್ತದೆ, ಅಲ್ಲಿಂದ ಲಿವರ್. ಅಲ್ಲಿ ಪೆನ್ನಿನಿಂದ ಗೆರೆ ಎಳೆಯುತ್ತಿದ್ದೆ. "ಈಗ ಉಸಿರು ಜೋರಾಗಿ ಎಳೆದು ಹಿಡ್ಕೋ" ಅಂದರೆ ಆ ಗಡಿ ಕೆಳಗೆ ಜಾರುತ್ತದೆ. ಅಲ್ಲೊಂದು ಗೆರೆ. ಎರಡು ಗೆರೆಗಳ ನಡುವಿನ ಜಾಗ ನೋಡಿದಾಗ ಆಗುತ್ತಿದ್ದ ಖುಷಿಯೇ ಬೇರೆ. ಪುಸ್ತಕದ ಚಿತ್ರ ಬದುಕಿರುವ ಮನುಷ್ಯನ ಮೇಲೆ ಕದಲುತ್ತಿತ್ತು.

ಇದರ ಫಲ ವಾರ್ಡಿನಲ್ಲಿ ಸಿಕ್ಕಿತು. ಶ್ವಾಸಕೋಶದ ಹೊರಪೊರೆಯಲ್ಲಿ ನೀರು ತುಂಬಿದ್ದವರೊಬ್ಬರ ಬೆನ್ನಿನ ಮೇಲೆ ಬಡಿದಾಗ, ಕಿವಿಗಿಂತ ಮೊದಲು ಬೆರಳಿಗೇ ಗೊತ್ತಾಯಿತು. ಅಡಿಯಲ್ಲಿರಬೇಕಾದ ಸ್ಪ್ರಿಂಗ್ ಇಲ್ಲ, ಬರೀ ಬಿಗಿ.

ಹೃದಯದ ಸದ್ದಿಗೆ ಇನ್ನೂ ಜಾಸ್ತಿ ತಾಳ್ಮೆ ಬೇಕಾಯಿತು. ಒಂದು ಸಲಕ್ಕೆ ಒಂದೇ ಸದ್ದು ಕೇಳುವುದು ನನ್ನ ನಿಯಮ. ಕತ್ತಿನ ನಾಡಿಯ ಮೇಲೆ ಬೆರಳಿಟ್ಟು, ಮಿಡಿತದ ಜೊತೆ ಬರುವುದೇ ಮೊದಲ ಸದ್ದು ಅಂತ ಗುರುತಿಸಿಕೊಳ್ಳುವುದು. ಆಮೇಲೆ ಎದೆಮೂಳೆಯ ಎಡಕ್ಕೆ, ಎರಡನೇ ಸಂದಿಯಲ್ಲಿ, ಎರಡನೇ ಸದ್ದನ್ನಷ್ಟೇ ಹಿಡಿಯುವುದು. ವಯಸ್ಸಿನ ಹುಡುಗರಲ್ಲಿ ಉಸಿರು ಎಳೆದಾಗ ಅದು ಸೀಳಿ ಎರಡಾಗುತ್ತದೆ, ಬಿಟ್ಟಾಗ ಒಂದಾಗುತ್ತದೆ. ಹಾಸ್ಟೆಲಿನಲ್ಲಿ ಸಿಕ್ಕವರ ಎದೆಯನ್ನೆಲ್ಲ ಕೇಳಿ ಕೇಳಿ ಈ ಬಿಚ್ಚುವ, ಕೂಡುವ ಲಯ ಮನಸ್ಸಿನಲ್ಲಿ ನಿಂತಿತು.

ಹಾಗಾಗಿಯೇ ಓಪಿಡಿಯಲ್ಲಿ ಒಬ್ಬ ಹುಡುಗಿಯ ಎದೆ ಕೇಳುವಾಗ ಥಟ್ಟನೆ ನಿಂತೆ. ಉಸಿರು ಬಿಟ್ಟರೂ ಸದ್ದು ಎರಡಾಗಿಯೇ ಇತ್ತು. ಜೊತೆಗಿದ್ದ ಮರ್ಮರ್ ತುಂಬ ಮೆತ್ತಗಿತ್ತು, ಸುಮ್ನೆ ದಾಟಿ ಹೋಗುವಷ್ಟು. ಎಕೋ ಸ್ಕ್ಯಾನ್‌ನಲ್ಲಿ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಕಂಡಿತು. ನನಗೆ ಅದನ್ನು ಹೇಳಿಕೊಟ್ಟಿದ್ದು ಆ ಆರೋಗ್ಯವಂತ ಗೆಳೆಯರ ಎದೆಗಳು.

ಹಿಸ್ಟರಿ ತೆಗೆದುಕೊಳ್ಳುವುದು, ಅಂದರೆ ಪೇಶೆಂಟ್‌ನಿಂದ ಕಾಯಿಲೆಯ ಕಥೆ ಕೇಳಿ ತಿಳಿಯುವುದು ಮಾತ್ರ ಹಾಸ್ಟೆಲಿನಲ್ಲಿ ಕಲಿಯಲು ಆಗದ್ದು. 1975ರಲ್ಲಿ ಬ್ರಿಟನ್ನಿನ ಕೆಲವು ವೈದ್ಯರು 80 ಹೊಸ ಹೊರರೋಗಿಗಳನ್ನು ಗಮನಿಸಿದ್ದರು. ಅವರಲ್ಲಿ 66 ಮಂದಿಯ ಕಾಯಿಲೆ ಏನೆಂಬುದು ಪೇಶೆಂಟ್ ಹೇಳಿದ ಹಿಸ್ಟರಿ ಮತ್ತು ಅವರನ್ನು ಕಳಿಸಿದ ವೈದ್ಯರ ಪತ್ರದಿಂದಲೇ ಗೊತ್ತಾಗಿತ್ತು. ಇದನ್ನು ಓದಿದ ಮೇಲೆ ರೌಂಡ್ಸ್ ಮುಗಿದು ವಾರ್ಡ್ ತಣ್ಣಗಾಗುವ ಹೊತ್ತಿಗೆ ಹೋಗಿ, ಬೆಡ್ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುವುದು ರೂಢಿಯಾಯಿತು. ನಿಂತು ಕೇಳಿದರೆ ಚುಟುಕು ಉತ್ತರ ಬರುತ್ತದೆ, ಕೂತರೆ ಮಾತು ಬರುತ್ತದೆ.

ಅಲ್ಲೂ ಅಷ್ಟೇ, ನಾರ್ಮಲ್ ದಿನದಿಂದಲೇ ಶುರು. ಕಾಯಿಲೆಗೆ ಮುಂಚೆ ಇವರ ದಿನ ಹೇಗಿತ್ತು? ಎಷ್ಟು ದೂರ ನಡೀತಿದ್ದರು? ವಯಸ್ಸಾದ ಒಬ್ಬರು "ಉಬ್ಬಸ ಏನೂ ಇಲ್ಲ" ಅಂತ ಖಚಿತವಾಗಿ ಹೇಳಿದರು. "ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಾ?" ಅಂದೆ. "ಮಲಗೋದೆಲ್ಲಿ, ಕುರ್ಚಿಯಲ್ಲೇ ಕೂತು ನಿದ್ದೆ ಮಾಡ್ತೀನಿ" ಅಂದರು. ಅವರ ಪಾಲಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಮಲಗಿದರೆ ಉಸಿರು ಕಟ್ಟುವ ಹೃದಯದ ಕಾಯಿಲೆ ಆ ಕುರ್ಚಿಯ ಮಾತಿನಲ್ಲಿ ಹೊರಗೆ ಬಂತು.

ದೊಡ್ಡ ಆಸ್ಪತ್ರೆಯ ಇನ್ನೊಂದು ತೊಂದರೆಗೂ ದಾರಿ ಹುಡುಕಬೇಕಾಯಿತು. 1961ರಲ್ಲಿ ವೈದ್ಯ ಕೆರ್ ವೈಟ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು. ಸಾವಿರ ವಯಸ್ಕರಲ್ಲಿ ತಿಂಗಳಿಗೆ 750 ಮಂದಿಗೆ ಏನಾದರೊಂದು ಆರೋಗ್ಯದ ತೊಂದರೆ. 250 ಮಂದಿ ವೈದ್ಯರ ಹತ್ತಿರ ಹೋಗುತ್ತಾರೆ. 9 ಮಂದಿ ಆಸ್ಪತ್ರೆಗೆ ಸೇರುತ್ತಾರೆ. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಗೆ ಹೋಗುವುದು ಒಬ್ಬರೇ. ಅಂದರೆ ನಾವು ವಾರ್ಡಿನಲ್ಲಿ ಕಲಿಯುವುದು ಆ ಒಬ್ಬರಿಂದ, ಮುಂದೆ ನೋಡಿಕೊಳ್ಳಬೇಕಾದದ್ದು ಉಳಿದವರನ್ನ. ಇದು ಸಣ್ಣ ವಿಷಯ ಅಲ್ವಾ ಅಂತ ಬಿಡುವಂಥದ್ದಲ್ಲ. ವಾರ್ಡಿನ ಲೆಕ್ಕದಲ್ಲೇ ಯೋಚಿಸಿದರೆ ಪ್ರತಿ ತಲೆನೋವಿನಲ್ಲೂ ಗಡ್ಡೆ ಕಾಣುತ್ತದೆ, ಬೇಡದ ಸ್ಕ್ಯಾನ್ ಬರೆದುಕೊಡುತ್ತೇವೆ.

ಅದಕ್ಕೆ ಬಿಡುವಿನ ಹೊತ್ತಲ್ಲಿ ಜನರಲ್ ಓಪಿಡಿಯ ಮೂಲೆಯಲ್ಲಿ ಕೂರುತ್ತಿದ್ದೆ. ಕೆಮ್ಮು, ಜ್ವರ, ಸೊಂಟನೋವು, ನಿದ್ದೆ ಬಾರದಿರುವುದು. ನೋಡಲು ಯಾರೂ ಮುಗಿಬೀಳದ ಕೇಸುಗಳು. ಔಷಧಿಯೇ ಬೇಡ ಅಂತ ಹೇಳಿ ಕಳಿಸುವಾಗ ಸೀನಿಯರ್ ಡಾಕ್ಟರ್ ಏನೇನು ಕೇಳಿ ಖಾತ್ರಿ ಮಾಡಿಕೊಂಡರು ಅಂತ ಬರೆದುಕೊಳ್ಳುತ್ತಿದ್ದೆ. ಸೊಂಟನೋವಾದರೆ ತೂಕ ಇಳಿದಿದೆಯಾ, ಕಾಲಿನ ಬಲ ಕಮ್ಮಿಯಾಗಿದೆಯಾ, ಮೂತ್ರ ಕಟ್ಟಿದೆಯಾ, ಜ್ವರ ಇದೆಯಾ. ಎಲ್ಲಕ್ಕೂ ಇಲ್ಲ ಅಂದರೆ, ಯಾವಾಗ ಮತ್ತೆ ಬರಬೇಕು ಅನ್ನುವುದನ್ನು ಬಿಡಿಸಿ ಹೇಳಿ ಕಳಿಸುವುದು. ಮುಂದೆ ನೈಟ್ ಡ್ಯೂಟಿಯಲ್ಲಿ, ಯಾರನ್ನು ಈಗಲೇ ನೋಡಬೇಕು, ಯಾರು ಬೆಳಗಿನವರೆಗೆ ಕಾಯಬಹುದು ಅಂತ ತೀರ್ಮಾನಿಸುವಾಗ ಆ ನೋಟ್ಸನ್ನೇ ಎಲ್ಲಕ್ಕಿಂತ ಜಾಸ್ತಿ ಬಳಸಿದೆ.