ಜರ್ಮನಿಗೆ ಓದಲು ಹೊರಟವರ ಮನೆವಾರ್ತೆ

ಜರ್ಮನಿಗೆ ಎಂ.ಎಸ್. ಮಾಡಲು ಹೊರಟ ಮಕ್ಕಳಿಗೆ ವೀಸಾ, ಬ್ಲಾಕ್ಡ್ ಅಕೌಂಟು (ಖರ್ಚಿನ ದುಡ್ಡನ್ನು ಮೊದಲೇ ಕಟ್ಟಿಡುವ ಖಾತೆ), ಅಡ್ಮಿಷನ್ ಪತ್ರ ಇವೆಲ್ಲ ಬಾಯಿಪಾಠ. ಅದರಲ್ಲಿ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ಆದರೆ ಬಂದು ಇಳಿದ ಮೇಲೆ ಅವರು ನನಗೆ ಫೋನ್ ಮಾಡುವುದು ಪಾಠದ ವಿಷಯಕ್ಕಲ್ಲ. ಆಂಟಿ, ಬೇಳೆ ಬೇಯ್ತಾನೇ ಇಲ್ಲ. ಆಂಟಿ, ಗೋಡೆಗೆ ಬೂಷ್ಟು ಬಂದಿದೆ, ಓನರ್ ಬೈತಿದ್ದಾರೆ. ಆಂಟಿ, ಒಗ್ಗರಣೆ ಹಾಕಿದೆ, ಫೈರ್ ಇಂಜಿನ್ ಬಂತು! ಮನೆ ಒಂದು ಹದಕ್ಕೆ ಬಂದರೆ ಓದು ತಾನಾಗಿ ಸಾಗುತ್ತದೆ. ಅದಕ್ಕೇ ಇಲ್ಲಿ ಬರೀ ಮನೆಯ ಮಾತು.

ಮೊದಲು ಸೂಟ್‌ಕೇಸು. ಅಮ್ಮಂದಿರೇ, ದಯವಿಟ್ಟು ಅದನ್ನು ದಿನಸಿ ಅಂಗಡಿ ಮಾಡಬೇಡಿ. ತೊಗರಿಬೇಳೆ, ಉದ್ದಿನಬೇಳೆ, ಸೋನಾ ಮಸೂರಿ, ರಾಗಿಹಿಟ್ಟು ಎಲ್ಲ ದೊಡ್ಡ ಊರುಗಳ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಸಣ್ಣ ಊರಿನಲ್ಲಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಇಲ್ಲಿ ಸಿಗದೇ ಇರುವುದು ನಿಮ್ಮ ಮನೆಯ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ. ತೂಕವನ್ನು ಅದಕ್ಕೆ ಉಳಿಸಿ. ತುಪ್ಪ, ಪೇಡ, ಖೋವಾ ಕಟ್ಟಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿಸಿದರೆ ಅಷ್ಟೂ ಕಸಕ್ಕೆ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಇವಕ್ಕೂ 2019ರ ಡಿಸೆಂಬರ್‌ನಿಂದ ರೋಗ, ಹುಳ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು, ಅದನ್ನು ಯಾರು ಮಾಡಿಸುತ್ತಾರೆ? ಕರಿಬೇವನ್ನು ನೆರಳಿನಲ್ಲಿ ಗರಿಗರಿ ಒಣಗಿಸಿ ಡಬ್ಬಿಗೆ ಹಾಕಿಕೊಡಿ. ಒಣ ಕೊಬ್ಬರಿ ಗಿಟುಕಿನಲ್ಲಿ ಎಣ್ಣೆ ಜಾಸ್ತಿ, ಬೆಂಕಿಯ ಭಯಕ್ಕೆ ವಿಮಾನದವರು ಬಿಡುವುದಿಲ್ಲ. ಇನ್ನೊಂದು ಗಸಗಸೆ. ದುಬೈ, ಅಬುಧಾಬಿ ಮೇಲೆ ಬರುವವರು ಅದನ್ನು ಮುಟ್ಟಲೇಬೇಡಿ, ಆ ದೇಶದಲ್ಲಿ ಗಸಗಸೆ ನಿಷೇಧ. ಜರ್ಮನಿಯಲ್ಲಾದರೆ ಬನ್ನಿನ ಮೇಲೆಲ್ಲ ಅದೇ, ಸೂಪರ್‌ಮಾರ್ಕೆಟ್‌ನಲ್ಲೇ ಪೊಟ್ಟಣ ಸಿಗುತ್ತದೆ.

ತುಪ್ಪಕ್ಕೆ ಚಿಂತೆ ಬೇಡ. ಇಲ್ಲಿ ಬೆಣ್ಣೆ 250 ಗ್ರಾಂ ಕಟ್ಟಿನಲ್ಲಿ ಬರುತ್ತದೆ. ಉಪ್ಪಿಲ್ಲದ್ದು ನೋಡಿ ತಂದು, ಸಣ್ಣ ಉರಿಯಲ್ಲಿ ಕಾಯಿಸಿದರೆ ಮನೆತುಪ್ಪ ರೆಡಿ. ರವೆ ಕೊಳ್ಳುವಾಗ ಪೊಟ್ಟಣ ಓದಿ. ಹಾರ್ಟ್‌ವೈಟ್ಸನ್‌ಗ್ರೀಸ್ ಅಂತ ಇದ್ದದ್ದು ಉದುರುದುರಾದ ಉಪ್ಪಿಟ್ಟಾಗುತ್ತದೆ. ವೈಖ್‌ವೈಟ್ಸನ್‌ಗ್ರೀಸ್ ತಂದರೆ ಮುದ್ದೆಯಾಗುತ್ತದೆ. ಕೊತ್ತಂಬರಿ, ಪುದೀನ, ಬೆಂಡೆಕಾಯಿ, ಬದನೆಕಾಯಿ ಟರ್ಕಿಯವರ ಅಂಗಡಿಯಲ್ಲಿ ಕಟ್ಟು ಕಟ್ಟು ಸಿಗುತ್ತದೆ, ಬೆಲೆಯೂ ಕಡಿಮೆ.

ಪಾತ್ರೆಯಲ್ಲಿ ಎರಡೇ ತನ್ನಿ, ಮಿಕ್ಸಿ ಮತ್ತು ಕುಕ್ಕರು. ನಮ್ಮದೂ ಇಲ್ಲಿಯದೂ 230 ವೋಲ್ಟ್ ಕರೆಂಟೇ, ಮಿಕ್ಸಿ ಸರಾಗವಾಗಿ ತಿರುಗುತ್ತದೆ. (ಅಮೆರಿಕಕ್ಕೆ ಹೋಗುವವರು ತಗೊಂಡು ಹೋಗಬೇಡಿ, ಅಲ್ಲಿ 120 ವೋಲ್ಟ್.) ಮೂರು ಪಿನ್ನಿನ ಪ್ಲಗ್ಗು ಮಾತ್ರ ಇಲ್ಲಿಯ ಗೋಡೆಗೆ ಕೂರುವುದಿಲ್ಲ. ಅರ್ತ್ ಇರುವ ಗಟ್ಟಿ ಅಡಾಪ್ಟರ್ ಒಂದು ಬೇಕು. ಏರ್‌ಪೋರ್ಟಿನಲ್ಲಿ ಮಾರುವ ಆಟಿಕೆಯಂಥದ್ದು ಬೇಡ. ಕುಕ್ಕರ್ ಇಂಡಕ್ಷನ್ ತಳದ ಸ್ಟೀಲಿನದ್ದೇ ಇರಲಿ, ಮೂರು ಲೀಟರ್ ಸಾಕು. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಗಾಜಿನ ಮೈಯ ಕರೆಂಟ್ ಒಲೆ. ಅದು ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಪಾತ್ರೆ ಬಿಸಿಯೇ ಆಗುವುದಿಲ್ಲ. ಇಂಡಕ್ಷನ್ ಅಲ್ಲದ್ದಾದರೆ ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ಕಾವು ಇರುತ್ತದೆ. ಅನ್ನ ಆಗಲು ಐದು ನಿಮಿಷ ಇರುವಾಗಲೇ ಆರಿಸಿ, ಉಳಿದದ್ದನ್ನು ಕಾವೇ ನೋಡಿಕೊಳ್ಳುತ್ತದೆ.

ಬೇಳೆ ಬೇಯದಿರುವುದಕ್ಕೆ ಕಾರಣ ಬೇಳೆಯಲ್ಲ, ನೀರು. ಬರ್ಲಿನ್, ಮ್ಯೂನಿಕ್‌ನಂಥ ಊರುಗಳಲ್ಲಿ ನಲ್ಲಿಯ ನೀರು ಗಡಸು, ಸುಣ್ಣದಂಶ ಜಾಸ್ತಿ. ಕುಡಿಯಲು ಏನೂ ತೊಂದರೆ ಇಲ್ಲ, ನಾವು ನಲ್ಲಿಯದ್ದೇ ಕುಡಿಯುತ್ತೇವೆ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ. ಹುಣಸೆ, ಟೊಮ್ಯಾಟೊ, ಉಪ್ಪು ಎಲ್ಲ ಬೆಂದ ಮೇಲೇ ಹಾಕಿ. ಆಗಲೂ ಹಟ ಮಾಡಿದರೆ ಚಿಟಿಕೆ ಅಡುಗೆ ಸೋಡಾ. ಕೆಟಲ್‌ನ ತಳದಲ್ಲಿ ಬೆಳ್ಳಗೆ ಕಟ್ಟಿಕೊಂಡಿದ್ದನ್ನು ತಿಕ್ಕಿ ಕೈ ನೋಯಿಸಿಕೊಳ್ಳಬೇಡಿ. ವಿನೆಗರ್ ಬೆರೆಸಿದ ನೀರು ಕಾಯಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಬಿಡುತ್ತದೆ.

ಈಗ ಒಗ್ಗರಣೆ. ಹಾಸ್ಟೆಲ್‌ಗಳಲ್ಲಿ ಹೊಗೆಯ ಅಲಾರಂ ಕೆಲವು ಕಡೆ ನೇರವಾಗಿ ಫೈರ್ ಸ್ಟೇಷನ್‌ಗೇ ಜೋಡಿಸಿರುತ್ತದೆ. ಒಣಮೆಣಸಿನಕಾಯಿ ಘಾಟು ಏರಿದ ಕೂಡಲೇ ನಮ್ಮ ಮಕ್ಕಳು ಮಾಡುವ ಮೊದಲ ಕೆಲಸ ಅಂದರೆ ಕಾರಿಡಾರಿನ ಬಾಗಿಲು ತೆಗೆಯುವುದು. ಅದೇ ತಪ್ಪು. ಹೊಗೆ ಕಾರಿಡಾರಿನ ಅಲಾರಂಗೆ ಹೋಗಿ ತಾಗುತ್ತದೆ, ಇಡೀ ಕಟ್ಟಡದವರು ರಾತ್ರಿ ಉಡುಪಿನಲ್ಲಿ ಕೆಳಗಿಳಿದು ಚಳಿಯಲ್ಲಿ ನಿಲ್ಲಬೇಕು. ಫೈರ್ ಇಂಜಿನ್ ಬಂದದ್ದಕ್ಕೆ ಬಿಲ್ಲೂ ನಿಮ್ಮ ಹೆಸರಿಗೇ ಬರಬಹುದು. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆಗೆಯಿರಿ, ಚಿಮಣಿ ಮೊದಲೇ ಹಾಕಿಡಿ. ಇಂಡಕ್ಷನ್ ಅಲ್ಲದ ಒಲೆಯ ಕಾವು ಗ್ಯಾಸಿನ ಹಾಗೆ ತಕ್ಷಣ ಇಳಿಯುವುದಿಲ್ಲ. ಸಾಸಿವೆ ಸಿಡಿಯಲು ಶುರುವಾದ ಕೂಡಲೇ ಬಾಣಲೆಯನ್ನು ಒಲೆಯಿಂದ ಪಕ್ಕಕ್ಕೆ ಎಳೆದು, ಆಮೇಲೆ ಮೆಣಸಿನಕಾಯಿ, ಕರಿಬೇವು, ಇಂಗು ಹಾಕಿ ತಟ್ಟೆ ಮುಚ್ಚಿ. ಪರಿಮಳಕ್ಕೆ ಏನೂ ಕಡಿಮೆಯಾಗುವುದಿಲ್ಲ. ಅಲಾರಂಗೆ ಪ್ಲಾಸ್ಟಿಕ್ ಕಟ್ಟುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಜೀವದ ಪ್ರಶ್ನೆ, ಕಾನೂನಿನ ಪ್ರಶ್ನೆ ಎರಡೂ ಹೌದು.

ಬೂಷ್ಟು ಬರುವುದು ಗಾಳಿಯಾಡದ ಕೋಣೆಗೆ. ಚಳಿ ಅಂತ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಒಳಗೇ ಅನ್ನ ಬೇಯಿಸಿ, ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಣಗಿಸಿದರೆ ಆ ಹಬೆಯೆಲ್ಲ ಎಲ್ಲಿ ಹೋಗಬೇಕು ಹೇಳಿ? ತಣ್ಣನೆಯ ಹೊರಗೋಡೆಯ ಮೂಲೆಯಲ್ಲಿ, ಬೀರುವಿನ ಹಿಂದೆ ಹೋಗಿ ಕೂರುತ್ತದೆ. ಕಪ್ಪು ಚುಕ್ಕೆ ಶುರುವಾಗುವುದು ಅಲ್ಲೇ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮೊದಲು, ಅಡುಗೆ ಮತ್ತು ಸ್ನಾನ ಆದ ಮೇಲೆ ಹೀಟರ್ ಇಳಿಸಿ ಕಿಟಕಿಯನ್ನು ಅಗಲವಾಗಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ಆಮೇಲೆ ಮುಚ್ಚಿ ಹೀಟರ್ ಹಾಕಿ. ಕಿಟಕಿಯನ್ನು ಮೇಲಿನಿಂದ ಸ್ವಲ್ಪ ವಾಲಿಸಿ ದಿನವಿಡೀ ಬಿಡುವುದು ಬೇಡ, ಗಾಳಿಯೂ ಸರಿಯಾಗಿ ಬದಲಾಗುವುದಿಲ್ಲ, ಹೀಟರಿನ ದುಡ್ಡೂ ಹೊರಗೆ ಹೋಗುತ್ತದೆ. ಹೀಟರ್ ತಿರುಗಣೆಯಲ್ಲಿ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ಇಟ್ಟರೆ ಬೇಗ ಬಿಸಿಯಾಗುವುದಿಲ್ಲ, ಜಾಸ್ತಿ ಬಿಸಿಯಾಗುತ್ತದೆ ಅಷ್ಟೇ. ಮಂಚ, ಬೀರುಗಳನ್ನು ಹೊರಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಡಿ.

ಇದೆಲ್ಲ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಅಡ್ವಾನ್ಸ್ ದುಡ್ಡು ಅದರ ಮೇಲೆ ನಿಂತಿರುತ್ತದೆ. ಓನರ್ ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳಬಹುದು, ಅದಕ್ಕಿಂತ ಜಾಸ್ತಿಗೆ ಕಾನೂನು ಒಪ್ಪುವುದಿಲ್ಲ. ಕೀಲಿ ಕೈಗೆ ಬಂದ ದಿನವೇ ಪ್ರತಿ ಗೋಡೆ, ಸಿಂಕು, ನೆಲದ ಗೀರು, ಒಲೆಯ ಗಾಜು ಎಲ್ಲದರ ಫೋಟೋ ತೆಗೆದು ಓನರಿಗೆ ಈಮೇಲ್ ಮಾಡಿ. ಬಾಯಿಮಾತಿಗೆ ಇಲ್ಲಿ ಬೆಲೆ ಕಡಿಮೆ.

ಅದೇ ದಿನ ಟಪಾಲು ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಇಲ್ಲಿ ಮನೆ ನಂಬರ್ ನೋಡಿ ಪತ್ರ ಹಾಕುವುದಿಲ್ಲ, ಡಬ್ಬಿಯ ಮೇಲೆ ಹೆಸರು ಇಲ್ಲದಿದ್ದರೆ ವಾಪಸ್ ಹೋಗುತ್ತದೆ. ಬ್ಯಾಂಕ್ ಕಾರ್ಡು, ಇನ್ಶೂರೆನ್ಸ್ ಕಾರ್ಡು, ಟ್ಯಾಕ್ಸ್ ನಂಬರು ಎಲ್ಲ ಬರುವುದು ಟಪಾಲಿನಲ್ಲೇ. ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ, ಕೆಲವರಿಗೆ ಸರ್‌ನೇಮ್ ಜಾಗ ಖಾಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಓನರ್ ಸಹಿ ಮಾಡಿದ ಕಾಗದ ಬೇಕು, ಕೀಲಿಯ ಜೊತೆಗೇ ಕೇಳಿ ತಗೊಳ್ಳಿ. ಆಮೇಲೆ ರೇಡಿಯೋ, ಟಿವಿ ಶುಲ್ಕದ ಪತ್ರ ಬರುತ್ತದೆ, ತಿಂಗಳಿಗೆ 18 ಯೂರೋ ಚಿಲ್ಲರೆ. ಟಿವಿ ಇಲ್ಲ ಅಂತ ಎಸೆಯಬೇಡಿ. ಆದರೆ ಅದು ತಲೆಗಲ್ಲ, ಮನೆಗೆ ಒಂದೇ. ಮೂವರು ಸೇರಿ ಇದ್ದರೆ ಒಬ್ಬರು ಕಟ್ಟಿ ಹಂಚಿಕೊಳ್ಳಿ.

ಭಾನುವಾರ ಅಂಗಡಿಗಳೆಲ್ಲ ಬಂದ್. ಹಾಲು, ತರಕಾರಿ ಶನಿವಾರವೇ ತನ್ನಿ. ಈಸ್ಟರ್ ವಾರದಲ್ಲಂತೂ ಶುಕ್ರವಾರ ರಜೆ, ಶನಿವಾರ ಒಂದು ದಿನ ತೆರೆದು ಮತ್ತೆ ಭಾನುವಾರ, ಸೋಮವಾರ ರಜೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತೆ ಭಾನುವಾರ ಪೂರ್ತಿ ಗದ್ದಲ ಮಾಡುವಂತಿಲ್ಲ. ಮಿಕ್ಸಿ ಕೆಲಸವನ್ನೂ ಶನಿವಾರಕ್ಕೇ ಇಟ್ಟುಕೊಳ್ಳಿ, ಪಕ್ಕದ ಮನೆಯವರ ಜೊತೆ ಸುಮ್ನೆ ಮನಸ್ತಾಪ ಯಾಕೆ? ಒಂದೇ ಸಲ ಬಳಸುವ ಪ್ಲಾಸ್ಟಿಕ್ ನೀರಿನ ಬಾಟಲಿ, ಕ್ಯಾನ್ ಕೊಂಡರೆ ಒಂದಕ್ಕೆ 25 ಸೆಂಟ್ ಮುಂಗಡ ಹಿಡಿದಿರುತ್ತಾರೆ. ಜಜ್ಜದೆ, ಲೇಬಲ್ ಕೀಳದೆ ಸೂಪರ್‌ಮಾರ್ಕೆಟ್ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತದೆ. ಅದನ್ನು ಕೌಂಟರಿನಲ್ಲಿ ಕೊಟ್ಟರೆ ದುಡ್ಡು ವಾಪಸ್.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಕೋಣೆಯಲ್ಲಿ ಒಬ್ಬರೇ ಕೂತರೆ ಮನಸ್ಸು ಕುಗ್ಗುತ್ತದೆ. ಬೆಳಕಿದ್ದಾಗ ಅರ್ಧ ಗಂಟೆ ನಡೆದು ಬನ್ನಿ. ಊರಿಗೂ ಇಲ್ಲಿಗೂ ಆಗ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ರಾತ್ರಿ ಊಟ ಮುಗಿಸಿ ಫೋನ್ ಮಾಡುತ್ತೇನೆ ಅಂದರೆ ಅಮ್ಮ ಎದ್ದು ಕಾಯಬೇಕಾಗುತ್ತದೆ, ಮಧ್ಯಾಹ್ನವೇ ಮಾತಾಡಿ. ಶನಿವಾರ ರಾತ್ರಿ ಯಾರಾದರೂ ಒಬ್ಬರ ಮನೆಯಲ್ಲಿ ಸೇರಿ ಅಡುಗೆ ಮಾಡಿ. ದೋಸೆ ಹಿಟ್ಟು ಚಳಿಯಲ್ಲಿ ಉಬ್ಬುವುದಿಲ್ಲ ಅಂತ ಬಿಟ್ಟುಬಿಡಬೇಡಿ. ಶುಕ್ರವಾರವೇ ರುಬ್ಬಿ, ಓವನ್ ಬಿಸಿ ಮಾಡದೆ ಅದರ ದೀಪ ಮಾತ್ರ ಹಾಕಿ ಒಳಗಿಡಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಕೆಳಗೊಂದು ತಟ್ಟೆ ಇರಲಿ. ಓವನ್ ಬಾಗಿಲಿಗೆ ಒಂದು ಚೀಟಿಯೂ ಅಂಟಿಸಿ, ಇಲ್ಲದಿದ್ದರೆ ರೂಮ್‌ಮೇಟ್ ನೋಡದೆ ಪಿಜ್ಜಾಕ್ಕೆ ಅಂತ ಓವನ್ ಹಾಕಿಬಿಡುತ್ತಾನೆ.