ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುನ್ನ

ಎಲೆಕ್ಟ್ರಿಕ್ ಗಿಟಾರ್ ಒಂಟಿಯಾಗಿ ಅರ್ಧ ವಾದ್ಯವಷ್ಟೆ. ಅದರ ಉಕ್ಕಿನ ತಂತಿ ಕಂಪಿಸಿದಾಗ, ಕೆಳಗೆ ಕೂರಿಸಿರುವ ಪಿಕಪ್ಪಿನಲ್ಲಿ ಅಯಸ್ಕಾಂತದ ಸುತ್ತ ಸುತ್ತಿರುವ ಕೂದಲೆಳೆಯಂಥ ತಾಮ್ರದ ಸುರುಳಿಯೊಳಗೆ ಬಹಳ ಕ್ಷೀಣವಾದ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದು ಕೇಬಲ್ಲಿನ ಮೂಲಕ ಆಂಪ್ಲಿಫೈಯರ್ ತಲುಪಿ, ಅಲ್ಲಿ ಬಲಗೊಂಡು, ಸ್ಪೀಕರಿನಿಂದ ಹೊರಬಂದಾಗ ಮಾತ್ರ ನಾವು ಬಯಸುವ ನಾದ ಕೇಳುತ್ತದೆ. ಆದ್ದರಿಂದ ಗಿಟಾರ್, ಕೇಬಲ್, ಆಂಪ್ ಮೂರೂ ಸೇರಿ ಒಂದು ವಾದ್ಯವೆಂದು ತಿಳಿದೇ ಖರೀದಿಗೆ ಹೊರಡಬೇಕು.

ಮೊದಲು ಅಕೌಸ್ಟಿಕ್ ಗಿಟಾರ್ ಕಲಿತ ನಂತರವೇ ಎಲೆಕ್ಟ್ರಿಕ್ ಮುಟ್ಟಬೇಕೆಂಬ ಮಾತು ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಆಧಾರವಿಲ್ಲ. ಹೊಸಬರ ಎಲೆಕ್ಟ್ರಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ ತಂತಿಗಳಲ್ಲಿ ಅತಿ ತೆಳುವಾದದ್ದು 0.009 ಇಂಚು ದಪ್ಪವಿದ್ದರೆ, ಅಕೌಸ್ಟಿಕ್‌ನಲ್ಲಿ ಅದು ಹಲವು ಸಲ 0.012 ಇಂಚು ಇರುತ್ತದೆ. ಬೆರಳ ತುದಿ ಇನ್ನೂ ಗಟ್ಟಿಯಾಗದ ಮಕ್ಕಳಿಗೆ ಈ ವ್ಯತ್ಯಾಸ ದೊಡ್ಡದು.

ಮೊದಲ ಹೆಜ್ಜೆಯಾಗಿ ಹಣವನ್ನು ಕಾಗದದ ಮೇಲೆ ಹಂಚಿಕೊಳ್ಳಿ. ನನ್ನ ಅನುಭವದಲ್ಲಿ, ಇರುವ ಹಣವನ್ನು ನೂರು ಪಾಲು ಮಾಡಿದರೆ ಐವತ್ತೈದು ಗಿಟಾರಿಗೆ, ಮೂವತ್ತು ಆಂಪಿಗೆ, ಉಳಿದ ಹದಿನೈದು ಸಣ್ಣಪುಟ್ಟ ಸಾಮಾನು ಮತ್ತು ಸೆಟಪ್ (ಗಿಟಾರನ್ನು ನುಡಿಸಲು ಹದಗೊಳಿಸುವ ಕೆಲಸ) ಮಾಡಿಸುವ ಕೂಲಿಗೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಕಾಂಬೋ ಪ್ಯಾಕುಗಳು ಅನುಕೂಲಕರವೇ ಆದರೂ, ಅವುಗಳೊಳಗಿನ ಆಂಪ್ ಹಲವು ಬಾರಿ ತೀರಾ ದುರ್ಬಲವಾಗಿರುವುದರಿಂದ ಅದನ್ನು ನುಡಿಸಿ ಕೇಳದೆ ಒಪ್ಪಬಾರದು.

ಎರಡನೆಯದು ಗಿಟಾರಿನ ಬಗೆ. ಇಂದಿನ ಬಹುಪಾಲು ಮಾದರಿಗಳು ಎರಡು ಹಳೆಯ ಅಮೆರಿಕನ್ ವಿನ್ಯಾಸಗಳ ದಾರಿಯಲ್ಲಿವೆ: ಗಿಬ್ಸನ್ ಕಂಪನಿ 1952ರಲ್ಲಿ ತಂದ ಲೆಸ್ ಪಾಲ್ ಮತ್ತು ಫೆಂಡರ್ 1954ರಲ್ಲಿ ತಂದ ಸ್ಟ್ರಾಟೋಕ್ಯಾಸ್ಟರ್. ಸ್ಟ್ರಾಟೋಕ್ಯಾಸ್ಟರಿನಲ್ಲಿ ನುಡಿಯುವ ತಂತಿಯ ಉದ್ದ 25.5 ಇಂಚು, ಲೆಸ್ ಪಾಲ್‌ನಲ್ಲಿ ಸುಮಾರು 24.75 ಇಂಚು. ಅಂತರ ಮುಕ್ಕಾಲು ಇಂಚು ಮಾತ್ರ, ಆದರೆ ಚಿಕ್ಕ ಕೈಗೆ ಅದು ತಿಳಿಯುತ್ತದೆ. ಸ್ಟ್ರಾಟೋಕ್ಯಾಸ್ಟರಿನ, ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ನ ನಾದ ತಿಳಿಯಾಗಿದ್ದರೂ ಅದು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹೀರಿಕೊಳ್ಳುತ್ತದೆ. ಎರಡು ಸುರುಳಿಗಳ ಹಂಬಕರ್ ಆ ಗದ್ದಲವನ್ನು ಬಹುಮಟ್ಟಿಗೆ ರದ್ದುಮಾಡಿ ತುಂಬು ದನಿ ಕೊಡುತ್ತದೆ. ಯಾವ ಸಂಗೀತದತ್ತ ಮನಸ್ಸು ಹೋಗುತ್ತದೆಂದು ಇನ್ನೂ ತಿಳಿಯದವರಿಗೆ ಬ್ರಿಡ್ಜಿನ (ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಬಳಿ ಹಂಬಕರ್, ಉಳಿದೆಡೆ ಎರಡು ಸಿಂಗಲ್ ಕಾಯಿಲ್ ಇರುವ ಮಾದರಿ ಒಳ್ಳೆಯ ಆಯ್ಕೆ. ಫೆಂಡರಿನ ಅಗ್ಗದ ಶಾಖೆಯಾದ ಸ್ಕ್ವಾಯರ್, ಗಿಬ್ಸನ್ನಿನ ಎಪಿಫೋನ್, ಯಮಹಾ ಪೆಸಿಫಿಕಾ, ಐಬನೆಜ್ ಜಿಯೋ, ಕೋರ್ಟ್ ಇವೆಲ್ಲ ಕಲಿಯುವವರಿಗಾಗಿಯೇ ಗಿಟಾರ್ ತಯಾರಿಸುತ್ತವೆ. ಫ್ಲಾಯ್ಡ್ ರೋಸ್ ಬಗೆಯ ತೇಲುವ ಬ್ರಿಡ್ಜ್ ಮಾತ್ರ ಸದ್ಯಕ್ಕೆ ಬೇಡ. ಅದರಲ್ಲಿ ಒಂದು ತಂತಿ ತುಂಡಾದರೆ ಉಳಿದೆಲ್ಲದರ ಶ್ರುತಿಯೂ ಕೆಡುತ್ತದೆ.

ಮೂರನೆಯ ಹೆಜ್ಜೆ ಅಂಗಡಿಯಲ್ಲಿನ ಪರೀಕ್ಷೆ. ಇದಕ್ಕೆ ಅರ್ಧ ಗಂಟೆಯಾದರೂ ಕೊಡಬೇಕು, ಸಾಧ್ಯವಾದರೆ ನುಡಿಸಬಲ್ಲವರೊಬ್ಬರನ್ನು ಕರೆದೊಯ್ಯಬೇಕು. ನೆಕ್ಕಿನ, ಅಂದರೆ ಗಿಟಾರಿನ ಉದ್ದನೆಯ ಕತ್ತಿನ, ಎರಡೂ ಅಂಚುಗಳ ಮೇಲೆ ಅಂಗೈಯನ್ನು ಮೇಲಿಂದ ಕೆಳಕ್ಕೆ ಸವರಿ, ಫ್ರೆಟ್ಟಿನ (ವೀಣೆಯ ಮೆಟ್ಟಿಲಿನಂಥ ಲೋಹದ ಅಡ್ಡಪಟ್ಟಿ) ತುದಿಗಳು ಚುಚ್ಚುತ್ತವೆಯೇ ಎಂದು ನೋಡಿ. ನಂತರ ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಗಮನಿಸಿ: ತೆಳು ತಂತಿಗೆ ಸುಮಾರು ಒಂದೂವರೆ ಮಿಲಿಮೀಟರ್, ದಪ್ಪ ತಂತಿಗೆ ಎರಡರ ಆಸುಪಾಸು ಇದ್ದರೆ ಚೆನ್ನ. ಅಳತೆಪಟ್ಟಿ ಇಲ್ಲದಿದ್ದರೆ ಎರಡು ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ಇಡಿ, ದಪ್ಪ ಸರಿಸುಮಾರು ಒಂದೂವರೆ ಮಿಲಿಮೀಟರ್ ಆಗುತ್ತದೆ. ಆಮೇಲೆ ಆರೂ ತಂತಿಗಳನ್ನು ಪ್ರತಿಯೊಂದು ಫ್ರೆಟ್ಟಿನಲ್ಲಿ ಒತ್ತಿ ನುಡಿಸಿ, ಎಲ್ಲಿಯಾದರೂ ದನಿ ಸಾಯುತ್ತದೆಯೇ, ಝರ್ರೆನ್ನುತ್ತದೆಯೇ ಎಂದು ಕೇಳಿಸಿಕೊಳ್ಳಿ. ಆಂಪಿಗೆ ಜೋಡಿಸಿದಾಗ ಕೇಳದಷ್ಟು ಸಣ್ಣ ಝರ್ರು ದೋಷವಲ್ಲ.

ಶ್ರುತಿಯ ಪರೀಕ್ಷೆ ಇನ್ನೂ ಮುಖ್ಯ. ತೆರೆದ ತಂತಿಯನ್ನು ಶ್ರುತಿ ತೋರಿಸುವ ಟ್ಯೂನರಿನಲ್ಲಿ ಸರಿಮಾಡಿ, ಅದೇ ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಕರಾರುವಾಕ್ಕಾಗಿ ಮೇಲಿನ ಸ್ಥಾಯಿಯ ಅದೇ ಸ್ವರ ಬರಬೇಕು. ತುಸು ತಪ್ಪಿದರೆ ಬ್ರಿಡ್ಜಿನ ಸ್ಕ್ರೂಗಳಿಂದ ತಿದ್ದಬಹುದು. ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುವುದರಿಂದ ಮತ್ತೆ ಮೇಳ ಕಟ್ಟಿಸಲು ಸಾಧ್ಯ. ಗಿಟಾರಿನಲ್ಲಿ ಅವು ಮರದೊಳಗೆ ಬಿಗಿದು ಹೋಗಿರುವುದರಿಂದ ಜಾಗ ತಪ್ಪಿದ ಫ್ರೆಟ್ ವಾದ್ಯದ ಆಯುಷ್ಯವಿಡೀ ಅಪಸ್ವರವನ್ನೇ ನುಡಿಯುತ್ತದೆ. ಬಿರಡೆ ತಿರುಗಿಸಿದಾಗ ಸಡಿಲವೆನಿಸಿದರೆ ಅಥವಾ ವಾಲ್ಯೂಮ್ ಗುಂಡಿ ಚರಪರ ಸದ್ದು ಮಾಡಿದರೆ ಬೇರೆ ಗಿಟಾರ್ ತೋರಿಸುವಂತೆ ಕೇಳಿ.

ನಾಲ್ಕನೆಯದು ಸೆಟಪ್. ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಬಿಗಿದೋ ಸಡಿಲಿಸಿಯೋ ಅದರ ಬಾಗನ್ನು ಸರಿಪಡಿಸುವುದು, ತಂತಿಯ ಎತ್ತರವನ್ನು ಇಳಿಸುವುದು, ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ಗೀರುಗಳನ್ನು ಅಗತ್ಯವಿದ್ದಷ್ಟು ಆಳವಾಗಿಸುವುದು ಈ ಕೆಲಸದ ಭಾಗಗಳು. ಕಾರ್ಖಾನೆಯಿಂದ ಬಂದ ಗಿಟಾರ್ ಹಡಗಿನಲ್ಲಿ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕಳೆದಿರುತ್ತದೆ. ಕರಾವಳಿಯ ತೇವಕ್ಕೂ ಕಲಬುರಗಿಯ ಬೇಸಿಗೆಗೂ ಮರ ಒಂದೇ ರೀತಿ ವರ್ತಿಸುವುದಿಲ್ಲ. ಒಣಹವೆಯಲ್ಲಿ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಗೆ ಚಾಚುತ್ತವೆ. ತಂತಿ ಮೂರು ಮಿಲಿಮೀಟರ್ ಮೇಲಿದ್ದ ಗಿಟಾರಿನೊಂದಿಗೆ ತಿಂಗಳುಗಟ್ಟಲೆ ಸೆಣಸಿ, ತಮ್ಮ ಬೆರಳುಗಳಿಗೇ ಸಂಗೀತ ಬರುವುದಿಲ್ಲವೆಂದು ನಂಬಿ ವಾದ್ಯವನ್ನು ಅಟ್ಟಕ್ಕೆ ಏರಿಸಿದವರನ್ನು ನಾನು ಕಂಡಿದ್ದೇನೆ. ಅವರ ಬೆರಳುಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಆನ್‌ಲೈನ್‌ನಲ್ಲಿ ತರಿಸುವವರಂತೂ ಸೆಟಪ್ಪಿನ ಹಣವನ್ನು ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು.

ಆಂಪಿನ ವಿಷಯಕ್ಕೆ ಬಂದರೆ, ಮನೆಯ ಅಭ್ಯಾಸಕ್ಕೆ 10ರಿಂದ 20 ವ್ಯಾಟ್ ಧಾರಾಳವಾಯಿತು. ಎಂಟು ಇಂಚಿನ ಸ್ಪೀಕರ್, ಹೆಡ್‌ಫೋನ್ ಕಿಂಡಿ ಮತ್ತು ಮೊಬೈಲಿನಿಂದ ಹಾಡು ಹಾಕಿಕೊಂಡು ಜೊತೆಗೆ ನುಡಿಸುವ ಅವಕಾಶ ಇವು ಮೂರಿದ್ದರೆ ಸಾಕು. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ರಾತ್ರಿಯ ಅಭ್ಯಾಸ ನಡೆಯುವುದು ಹೆಡ್‌ಫೋನ್ ಇದ್ದರೆ ಮಾತ್ರ. ಬ್ಲೂಟೂತ್ ಸ್ಪೀಕರನ್ನು ಆಂಪಿನ ಬದಲು ಬಳಸುವ ಯೋಚನೆ ಬೇಡ, ಮೀಟಿದ್ದಕ್ಕೂ ಕೇಳುವುದಕ್ಕೂ ನಡುವೆ ಬೀಳುವ ಅಂತರದಿಂದ ಲಯ ಕೈತಪ್ಪುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪಿನ ಅರ್ಥಿಂಗಿಗೆ ಸೇರಿರುತ್ತವೆ. ಆದ್ದರಿಂದ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವುದು ಅಪಾಯಕರ. ತಂತಿ ಮುಟ್ಟಿದಾಗ ಗುಂಯ್‌ಗುಡುವಿಕೆ ಕಡಿಮೆಯಾಗುವುದು ಸಹಜ. ಕೈ ಜುಮ್ಮೆಂದರೆ ಮಾತ್ರ ಕೂಡಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಉಳಿದ ಸಾಮಾನುಗಳು ಕಡಿಮೆ. ಮೂರು ಮೀಟರಿನ ಗಿಟಾರ್ ಕೇಬಲ್ (ಹೊರನೋಟಕ್ಕೆ ಒಂದೇ ಬಗೆಯ 6.35 ಮಿಲಿಮೀಟರ್ ಜ್ಯಾಕ್ ಇದ್ದರೂ ಸ್ಪೀಕರ್ ಕೇಬಲ್ ಬೇರೆ), ನೆಕ್ಕಿನ ತಲೆಗೆ ಕಚ್ಚಿಸುವ ಟ್ಯೂನರ್, 0.6ರಿಂದ 0.8 ಮಿಲಿಮೀಟರ್ ದಪ್ಪದ, ತಂತಿ ಮೀಟುವ ಮೂರ್ನಾಲ್ಕು ಪಿಕ್, ಹೆಗಲ ಪಟ್ಟಿ, ಮೆತ್ತೆಯಿರುವ ಚೀಲ, ಹೆಚ್ಚುವರಿ ತಂತಿಯ ಒಂದು ಸೆಟ್. ನಾದವನ್ನು ಬದಲಿಸುವ ಎಫೆಕ್ಟ್ಸ್ ಪೆಡಲ್‌ಗಳನ್ನು ಮೊದಲ ವರ್ಷ ಮುಟ್ಟುವ ಅಗತ್ಯವಿಲ್ಲ.

ಮನೆಗೆ ತಂದ ದಿನ ಆಂಪಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಕೇಬಲ್ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ. ದಪ್ಪ ತಂತಿಯಿಂದ ಆರಂಭಿಸಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿ. ಹೊಸ ತಂತಿಗಳು ಹಿಗ್ಗುವುದರಿಂದ ಮೊದಲ ಕೆಲವು ದಿನ ಶ್ರುತಿ ಮತ್ತೆ ಮತ್ತೆ ಇಳಿಯುತ್ತದೆ, ಅದನ್ನು ಗಿಟಾರಿನ ದೋಷವೆಂದು ಎಣಿಸಬಾರದು. ನುಡಿಸಿ ಮುಗಿದೊಡನೆ ಒಣ ಹತ್ತಿಬಟ್ಟೆಯಿಂದ ತಂತಿಗಳ ಮೇಲ್ಭಾಗವನ್ನೂ ಅಡಿಭಾಗವನ್ನೂ ಒರೆಸಿಟ್ಟರೆ ಬೆವರಿನ ಉಪ್ಪಿನಿಂದ ತುಕ್ಕು ಹಿಡಿಯುವುದು ತಡವಾಗುತ್ತದೆ. ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಒರೆಸಿದರೂ ತಂತಿಗಳು ಬೇಗ ಮಂಕಾಗುವುದರಿಂದ ಅಲ್ಲಿನವರು ಒಂದರ ಬದಲು ಎರಡು ಸೆಟ್ ತಂತಿಗಳನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಒಳಿತು.